ಮರಣದಂಡನೆಯ ಚರ್ಚೆಗೆ ಇಬ್ಬರನ್ನು ಸಿದ್ಧಪಡಿಸಿದ ಹದಿನೈದು ದಿನಗಳು

ಈ ವರ್ಷದ ಅಂತರಕಾಲೇಜು ಚರ್ಚಾಸ್ಪರ್ಧೆಯ ಸುತ್ತೋಲೆಯಲ್ಲಿ ವಿಷಯ ಹೀಗಿತ್ತು: ‘ಈ ಸಭೆಯ ಅಭಿಪ್ರಾಯದಲ್ಲಿ ಭಾರತದಲ್ಲಿ ಮರಣದಂಡನೆಯನ್ನು ರದ್ದುಪಡಿಸಬೇಕು.’ ಒಂದು ಕಾಲೇಜಿನಿಂದ ಇಬ್ಬರು ವಿದ್ಯಾರ್ಥಿಗಳು, ಒಬ್ಬರು ಪರವಾಗಿ, ಇನ್ನೊಬ್ಬರು ವಿರೋಧವಾಗಿ; ಮಂಡನೆಗೆ 4 ನಿಮಿಷ, ಖಂಡನೆಗೆ 2 ನಿಮಿಷ; ಇಬ್ಬರ ಅಂಕಗಳನ್ನೂ ಕೂಡಿಸಿ ಪರ್ಯಾಯ ಪಾರಿತೋಷಕ. ಈ ಪದ್ಧತಿ ನನಗೆ ಬಹಳ ಇಷ್ಟ. ತಯಾರು ಮಾಡಿಸುವ ಅಧ್ಯಾಪಕಿಗೆ ತನ್ನ ಅಭಿಪ್ರಾಯ ಏನೇ ಇರಲಿ, ಎರಡೂ ಪಕ್ಷಗಳನ್ನು ಒಂದೇ ಪ್ರಾಮಾಣಿಕತೆಯಿಂದ ಕಟ್ಟಬೇಕಾಗುತ್ತದೆ. ಒಂದು ಕಡೆಗೆ ವಾಲಿದರೆ ಇನ್ನೊಂದು ಮಗುವಿಗೆ ಅನ್ಯಾಯವಾಗುತ್ತದೆ.

ಚೀಟಿ ಎತ್ತಿದಾಗ ಹುಡುಗಿಗೆ ‘ಪರ’ ಬಂತು, ಹುಡುಗನಿಗೆ ‘ವಿರೋಧ’. ಹುಡುಗಿಯ ಮುಖ ಸಪ್ಪಗಾಯಿತು. 2020ರ ಮಾರ್ಚ್ 20ರ ನಸುಕಿನಲ್ಲಿ ತಿಹಾರ್ ಜೈಲಿನಲ್ಲಿ ದೆಹಲಿಯ ಅತ್ಯಾಚಾರ ಪ್ರಕರಣದ ನಾಲ್ವರನ್ನು ಗಲ್ಲಿಗೇರಿಸಿದ ಸುದ್ದಿಯನ್ನು ಅವಳು ಅಮ್ಮನೊಂದಿಗೆ ಟಿವಿಯ ಮುಂದೆ ಕೂತು ನೋಡಿದ್ದಳಂತೆ. ಅಂಥವರಿಗೆ ಅದೇ ತಕ್ಕ ಶಿಕ್ಷೆ ಎಂಬುದು ಅವಳ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತ್ತು. ‘ನಾನು ನಂಬದ್ದನ್ನು ಹೇಗೆ ಹೇಳಲಿ ಮೇಡಂ?’ ಎಂದು ಕೇಳಿದಳು. ಆ ಪ್ರಶ್ನೆಯೇ ಅವಳ ಬಂಡವಾಳ ಎಂದು ನನಗೆ ಅನ್ನಿಸಿತು. ಸಭೆಯಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಅವಳಂತೆಯೇ ಯೋಚಿಸುವವರು. ಅವಳನ್ನು ಅಲುಗಾಡಿಸುವ ವಾದ ಯಾವುದೋ ಅದೇ ಅವರನ್ನೂ ಅಲುಗಾಡಿಸುತ್ತದೆ. ಅವಳನ್ನು ತಟ್ಟದ ಮಾತು ಅವರನ್ನೂ ತಟ್ಟುವುದಿಲ್ಲ.

ಮೊದಲ ದಿನ ಇಬ್ಬರೂ ಬರೆದು ತಂದ ಭಾಷಣಗಳು ಎಲ್ಲ ಮಕ್ಕಳೂ ಬರೆದು ತರುವಂಥವೇ ಆಗಿದ್ದವು. ಅವಳದರಲ್ಲಿ ‘ಜೀವ ಕೊಡಲಾಗದ ಮನುಷ್ಯನಿಗೆ ಜೀವ ತೆಗೆಯುವ ಹಕ್ಕಿಲ್ಲ’, ಅವನದರಲ್ಲಿ ‘ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು’. ಎರಡಕ್ಕೂ ಚಪ್ಪಾಳೆ ಬೀಳುತ್ತದೆ, ಆದರೆ ಎರಡರಿಂದಲೂ ಯಾರೊಬ್ಬರ ಅಭಿಪ್ರಾಯವೂ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಅಂಥ ವಾಕ್ಯಗಳನ್ನೆಲ್ಲ ಗೆರೆ ಎಳೆದು ತೆಗೆಸಿದೆ. ಅವುಗಳ ಜಾಗದಲ್ಲಿ ಏನು ಬರಬೇಕು ಎಂಬುದನ್ನು ಹುಡುಕಲು ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ವಕೀಲರ ಸಂಘದ ಗ್ರಂಥಾಲಯಕ್ಕೆ ಕರೆದುಕೊಂಡು ಹೋದೆ. ಹಿರಿಯ ವಕೀಲರೊಬ್ಬರು ದಪ್ಪ ರಟ್ಟಿನ ತೀರ್ಪು ಸಂಪುಟಗಳನ್ನು ಧೂಳು ಒರೆಸಿ ಮೇಜಿನ ಮೇಲಿಟ್ಟು, ‘ತೀರ್ಪಿನ ಸಾರಾಂಶವನ್ನಲ್ಲ, ತೀರ್ಪನ್ನು ಓದಿ’ ಎಂದಷ್ಟೇ ಹೇಳಿ ತಮ್ಮ ಕೆಲಸಕ್ಕೆ ಹೋದರು.

ಅಲ್ಲಿಂದ ಒಂದು ವಾರ ನಾವು ಓದಿದ್ದು ಹೆಚ್ಚಾಗಿ ಒಂದೇ ನಿಯಮದ ಸುತ್ತ. 1980ರ ಬಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ ನಾಲ್ಕು–ಒಂದರ ಬಹುಮತದಿಂದ ಮರಣದಂಡನೆ ಸಂವಿಧಾನಬದ್ಧ ಎಂದಿತು. ಆದರೆ ಜೀವಾವಧಿ ಶಿಕ್ಷೆಯೇ ನಿಯಮ, ಮರಣದಂಡನೆ ಅಪವಾದ, ಅದೂ ‘ಅಪರೂಪದಲ್ಲಿ ಅಪರೂಪದ’ ಪ್ರಕರಣದಲ್ಲಿ ಮಾತ್ರ ಎಂದು ಬೇಲಿ ಹಾಕಿತು. ಅಪರಾಧವನ್ನಷ್ಟೇ ನೋಡಿದರೆ ಸಾಲದು, ಅಪರಾಧಿಯನ್ನೂ ನೋಡಬೇಕು ಎಂದಿತು. ಒಪ್ಪದೆ ಉಳಿದ ಒಬ್ಬರು ನ್ಯಾಯಮೂರ್ತಿ ಪಿ.ಎನ್. ಭಗವತಿ, 1982ರಲ್ಲಿ ಬಂದ ಅವರ ಭಿನ್ನಮತದ ತೀರ್ಪಿನ ಮುಖ್ಯ ಆಕ್ಷೇಪ, ಈ ಶಿಕ್ಷೆ ಮನಬಂದಂತೆ ಬೀಳುತ್ತದೆ ಎಂಬುದು. ಚರ್ಚೆಯ ಎರಡೂ ಪಕ್ಷಗಳ ಗಟ್ಟಿ ನೆಲ ಈ ಒಂದೇ ತೀರ್ಪಿನಲ್ಲಿದೆ. ಬೇಲಿ ಇದೆಯಲ್ಲ, ಆದ್ದರಿಂದ ಭಯ ಬೇಡ ಎನ್ನಬೇಕಾದವನು ಹುಡುಗ. ಬೇಲಿ ಪ್ರತಿ ನ್ಯಾಯಪೀಠದ ಮುಂದೆ ಒಂದೊಂದು ಕಡೆಗೆ ಸರಿಯುತ್ತದೆ ಎಂದು ತೋರಿಸಬೇಕಾದವಳು ಹುಡುಗಿ.

ನಮ್ಮ ಶಾಸ್ತ್ರಗ್ರಂಥಗಳಲ್ಲಿ ಮೊದಲು ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ಮಾತನ್ನು, ಅವನೇ ಒಪ್ಪುವಷ್ಟು ಚೆನ್ನಾಗಿ ಹೇಳಿ ಆಮೇಲೆ ಸಿದ್ಧಾಂತಕ್ಕೆ ಬರುವ ಕ್ರಮವಿದೆ. ಅದನ್ನೇ ಮಕ್ಕಳಿಗೆ ಮನೆಕೆಲಸವಾಗಿ ಕೊಟ್ಟೆ. ಹುಡುಗಿ ಮರಣದಂಡನೆ ಇರಬೇಕೆಂದೂ ಹುಡುಗ ಇರಬಾರದೆಂದೂ ಒಂದೊಂದು ಪುಟ ಬರೆದು, ಅದಲು ಬದಲು ಮಾಡಿಕೊಂಡು ತಿದ್ದಬೇಕು. ಹುಡುಗಿ ಬರೆದ ಪುಟ ಹುಡುಗನ ಭಾಷಣಕ್ಕಿಂತ ಎಷ್ಟೋ ಮೇಲಾಗಿತ್ತು, ಏಕೆಂದರೆ ಅದನ್ನು ಅವಳು ನಂಬಿ ಬರೆದಿದ್ದಳು. ‘ಪ್ರತೀಕಾರ ಬೇರೆ, ತಕ್ಕ ಶಿಕ್ಷೆ ಬೇರೆ, ಪ್ರತೀಕಾರಕ್ಕೆ ಮಿತಿ ಇಲ್ಲ, ತಕ್ಕ ಶಿಕ್ಷೆಗೆ ಮಿತಿ ಇದೆ, ಆ ಮಿತಿಯನ್ನು ಕಾಯುವುದು ನ್ಯಾಯಾಲಯ’ ಎಂಬ ಅವಳ ವಾಕ್ಯವನ್ನು ಹುಡುಗ ಅವಳ ಒಪ್ಪಿಗೆ ಪಡೆದು ತನ್ನ ಮಂಡನೆಯ ಆರಂಭದಲ್ಲೇ ಇಟ್ಟುಕೊಂಡ.

ಹುಡುಗನ ಮೊದಲ ಕರಡು ಪೂರ್ತಿ ನಿಂತಿದ್ದುದು ‘ಗಲ್ಲಿನ ಭಯದಿಂದ ಕೊಲೆಗಳು ಕಡಿಮೆಯಾಗುತ್ತವೆ’ ಎಂಬುದರ ಮೇಲೆ. ಇದು ಕೇಳಲು ಬಲವಾದ ವಾದ, ನಿಲ್ಲಿಸಿ ಪ್ರಶ್ನಿಸಿದರೆ ದುರ್ಬಲ. 1975ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಐಸಾಕ್ ಎರ್ಲಿಚ್ ಒಂದು ಗಲ್ಲುಶಿಕ್ಷೆ ಸುಮಾರು ಎಂಟು ಕೊಲೆಗಳನ್ನು ತಡೆಯುತ್ತದೆ ಎಂದು ಲೆಕ್ಕ ಹಾಕಿದ್ದರು. ದಶಕಗಳ ಕಾಲ ಅದರ ಮೇಲೆ ವಾದವಿವಾದ ನಡೆದು, 2012ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿ, ಈವರೆಗಿನ ಅಧ್ಯಯನಗಳಿಂದ ಮರಣದಂಡನೆ ಕೊಲೆಗಳನ್ನು ಹೆಚ್ಚಿಸುತ್ತದೆ, ಕಡಿಮೆ ಮಾಡುತ್ತದೆ ಅಥವಾ ಏನೂ ಮಾಡುವುದಿಲ್ಲ ಎಂಬ ಯಾವ ತೀರ್ಮಾನಕ್ಕೂ ಬರಲಾಗದು ಎಂದು ಹೇಳಿತು. ಆ ತೀರ್ಮಾನ ಎರಡು ಕಡೆಗೂ ಕಡಿವಾಣ ಹಾಕುತ್ತದೆ. ಕೆನಡಾ 1976ರಲ್ಲಿ ಕೊಲೆ ಅಪರಾಧಕ್ಕೆ ಮರಣದಂಡನೆಯನ್ನು ತೆಗೆದುಹಾಕಿದ ನಂತರ ಅಲ್ಲಿನ ಕೊಲೆ ಪ್ರಮಾಣ ಇಳಿಯಿತು ಎಂದು ಹುಡುಗಿ ಬರೆದುಕೊಂಡಿದ್ದಳು. ‘ರದ್ದು ಮಾಡಿದ್ದರಿಂದ ಇಳಿಯಿತು’ ಎಂದು ಹೇಳಬೇಡ, ‘ರದ್ದು ಮಾಡಿದರೂ ಏರಲಿಲ್ಲ’ ಎಂದಷ್ಟೇ ಹೇಳು ಎಂದೆ. ಒಂದು ಪ್ರತ್ಯಯದ ವ್ಯತ್ಯಾಸ ಅಷ್ಟೇ. ಮೊದಲನೆಯದನ್ನು ಎದುರಾಳಿ ಒಂದೇ ಪ್ರಶ್ನೆಯಲ್ಲಿ ಉರುಳಿಸುತ್ತಾನೆ, ಎರಡನೆಯದು ಸುಲಭವಾಗಿ ಉರುಳುವುದಿಲ್ಲ.

ಇಷ್ಟು ಎಚ್ಚರಿಕೆ ನನಗೆ ಬಂದದ್ದು ಒಂದು ತಪ್ಪಿನಿಂದ. ಎರಡು ವರ್ಷಗಳ ಹಿಂದೆ ಬೇರೊಂದು ವಿಷಯದ ಚರ್ಚೆಗೆ ನಾನೇ ಒಬ್ಬ ವಿದ್ಯಾರ್ಥಿಗೆ ಒಂದು ಅಂಕಿಅಂಶ ಕೊಟ್ಟಿದ್ದೆ; ಮೊಬೈಲಿಗೆ ಬಂದ ಸಂದೇಶವೊಂದರಲ್ಲಿ ಓದಿದ್ದು, ಪರಿಶೀಲಿಸಿರಲಿಲ್ಲ. ತೀರ್ಪುಗಾರರೊಬ್ಬರು ಎಲ್ಲರೆದುರು ‘ಇದರ ಮೂಲ ಯಾವುದು?’ ಎಂದು ಕೇಳಿದರು. ಆ ಹುಡುಗ ನನ್ನ ಕಡೆ ನೋಡಿದ ನೋಟವನ್ನು ನಾನು ಇನ್ನೂ ಮರೆತಿಲ್ಲ. ಅಂದಿನಿಂದ, ಭಾಷಣದ ಪ್ರತಿ ಅಂಕಿಯ ಪಕ್ಕದಲ್ಲೂ ಅದು ಎಲ್ಲಿಂದ ಬಂತು ಎಂದು ಪೆನ್ಸಿಲ್ಲಿನಲ್ಲಿ ಬರೆಯದ ಹೊರತು ಅದನ್ನು ಬಾಯಿಪಾಠ ಮಾಡಲು ಬಿಡುವುದಿಲ್ಲ.

ಭಯದ ವಾದವನ್ನು ತೆಗೆದ ಮೇಲೆ ಹುಡುಗನಿಗೆ ಏನು ಉಳಿಯಿತು ಎಂದು ಕೇಳಬಹುದು. ಉಳಿದದ್ದೇ ಹೆಚ್ಚು ಗಟ್ಟಿಯಾಗಿತ್ತು. ಸಂವಿಧಾನದ 21ನೇ ವಿಧಿ, ಕಾನೂನು ವಿಧಿಸಿದ ಕ್ರಮಕ್ಕೆ ಅನುಸಾರವಾಗಿ ಹೊರತು ಯಾರ ಜೀವವನ್ನೂ ತೆಗೆಯುವಂತಿಲ್ಲ ಎನ್ನುತ್ತದೆ. 72ನೇ ವಿಧಿ ಮರಣದಂಡನೆಯ ಹೆಸರನ್ನೇ ಹೇಳಿ ರಾಷ್ಟ್ರಪತಿಗಳಿಗೆ ಕ್ಷಮಾದಾನದ ಅಧಿಕಾರ ಕೊಡುತ್ತದೆ. ಸಂವಿಧಾನ ರಚಿಸಿದವರು ಈ ಶಿಕ್ಷೆಯನ್ನು ಬಲ್ಲವರಾಗಿಯೇ ಉಳಿಸಿಕೊಂಡರು ಎಂಬುದು ಅವನ ಮೊದಲ ಕಲ್ಲು. ಇದಕ್ಕೆ ಎದುರಾಗಿ ಹುಡುಗಿ 1949ರ ಜೂನ್ 3ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು ಮರಣದಂಡನೆಯನ್ನೇ ತೆಗೆದುಹಾಕುವುದನ್ನು ತಾವು ಬೆಂಬಲಿಸುವುದಾಗಿ ಹೇಳಿದ್ದನ್ನು ಇಟ್ಟಳು. ಎರಡನೆಯ ಕಲ್ಲು, 1967ರ ಕಾನೂನು ಆಯೋಗದ 35ನೇ ವರದಿ: ಭಾರತದಂಥ ವಿಸ್ತಾರವಾದ, ವೈವಿಧ್ಯದ ದೇಶ ರದ್ದತಿಯ ಪ್ರಯೋಗಕ್ಕೆ ಕೈಹಾಕುವ ಸ್ಥಿತಿಯಲ್ಲಿಲ್ಲ ಎಂಬ ಅದರ ಮಾತು. ಮೂರನೆಯದು ಕಂದಹಾರ್. 1999ರ ಡಿಸೆಂಬರಿನಲ್ಲಿ ಅಪಹರಿಸಿ ಅಫ್ಘಾನಿಸ್ತಾನದ ಆ ಊರಿಗೆ ಒಯ್ದ ವಿಮಾನದ ಪ್ರಯಾಣಿಕರನ್ನು ಬಿಡಿಸಿಕೊಳ್ಳಲು ನಮ್ಮ ಜೈಲುಗಳಲ್ಲಿದ್ದ ಮೂವರು ಭಯೋತ್ಪಾದಕರನ್ನು ಬಿಡಬೇಕಾಯಿತು. ಜೀವಂತ ಕೈದಿಯೇ ಮುಂದಿನ ಅಪಹರಣಕ್ಕೆ ಕಾರಣನಾಗಬಲ್ಲ ಎಂಬ ಈ ವಾದ ಸಭೆಯನ್ನು ತಟ್ಟುತ್ತದೆ. ಆದರೆ ಆ ಮೂವರು ಮರಣದಂಡನೆಗೆ ಗುರಿಯಾದವರಾಗಿರಲಿಲ್ಲ. ಅದನ್ನು ಎದುರಾಳಿ ಹೇಳುವ ಮೊದಲು ತಾನೇ ಹೇಳಬೇಕು ಎಂದು ಹುಡುಗನಿಗೆ ಒತ್ತಿ ಹೇಳಿದೆ. 2015ರ ಆಗಸ್ಟಿನಲ್ಲಿ ನ್ಯಾಯಮೂರ್ತಿ ಎ.ಪಿ. ಶಾ ಅವರ ನೇತೃತ್ವದ ಕಾನೂನು ಆಯೋಗ ತನ್ನ 262ನೇ ವರದಿಯಲ್ಲಿ ಮರಣದಂಡನೆಯನ್ನು ರದ್ದು ಮಾಡಲು ಶಿಫಾರಸು ಮಾಡಿದಾಗಲೂ ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧ ಸಾರುವ ಅಪರಾಧಗಳನ್ನು ಹೊರಗಿಟ್ಟಿತ್ತು. ರದ್ದತಿಯ ಪರವಾದ ವರದಿಯೇ ಇಲ್ಲಿ ನಿಂತಿತು ಎಂದು ಅವನು ಹೇಳಿದಾಗ ಹುಡುಗಿಯ ಹತ್ತಿರ ಸುಲಭದ ಉತ್ತರವಿರಲಿಲ್ಲ.

ಅವಳ ಉತ್ತರ ಬಂದದ್ದು ತಪ್ಪು ತೀರ್ಪುಗಳ ದಾರಿಯಿಂದ. ಮಹಾರಾಷ್ಟ್ರದ ಒಂದು ಪ್ರಕರಣವನ್ನು ಅವಳು ಮೂರು ಸಲ ಓದಿದಳು. 2003ರಲ್ಲಿ ನಡೆದ ಕೊಲೆ ಮತ್ತು ಅತ್ಯಾಚಾರಕ್ಕೆ ಅಲೆಮಾರಿ ಸಮುದಾಯದ ಆರು ಮಂದಿಗೆ ಮರಣದಂಡನೆಯಾಯಿತು. ಹೈಕೋರ್ಟ್ ಮೂವರಿಗೆ ಮರಣದಂಡನೆಯನ್ನು ಉಳಿಸಿ ಮೂವರಿಗೆ ಜೀವಾವಧಿಗೆ ಇಳಿಸಿತು. 2009ರಲ್ಲಿ ಸುಪ್ರೀಂ ಕೋರ್ಟ್ ಆರೂ ಜನರಿಗೆ ಮರಣದಂಡನೆ ಎಂದಿತು. ಹತ್ತು ವರ್ಷಗಳ ನಂತರ, 2019ರ ಮಾರ್ಚಿನಲ್ಲಿ, ಅದೇ ಸುಪ್ರೀಂ ಕೋರ್ಟ್ ಆರೂ ಜನರನ್ನು ನಿರ್ದೋಷಿಗಳೆಂದು ಬಿಟ್ಟಿತು. ಬದುಕುಳಿದ ಸಾಕ್ಷಿ ಪೊಲೀಸರ ಫೋಟೋಗಳಲ್ಲಿ ಗುರುತಿಸಿದ್ದು ಬೇರೆ ನಾಲ್ವರನ್ನು. ಆ ನಾಲ್ವರ ಬಗ್ಗೆ ತನಿಖೆಯೇ ನಡೆದಿರಲಿಲ್ಲ. ಒಬ್ಬೊಬ್ಬರಿಗೂ 5 ಲಕ್ಷ ರೂಪಾಯಿ ಪರಿಹಾರ ಕೊಡಲು ನ್ಯಾಯಾಲಯ ಆದೇಶಿಸಿತು. ಹುಡುಗಿ ಪುಟ ಮುಚ್ಚಿ, ‘2009ರ ತೀರ್ಪಿನ ನಂತರ ಬೇಗ ಜಾರಿ ಮಾಡಿದ್ದರೆ?’ ಎಂದಳು. ಅವಳೇ ಹಿಂದಿನ ದಿನ, ನಮ್ಮಲ್ಲಿ ಗಲ್ಲು ಜಾರಿಯಾಗಲು ತಡ ಮಾಡುವುದೇ ದೊಡ್ಡ ದೋಷ ಎಂದು ವಾದಿಸಿದ್ದವಳು. ಅವಳ ಮನಸ್ಸು ಬದಲಾಯಿತು ಎಂದು ನಾನು ಹೇಳಲಾರೆ. ಆದರೆ ಅಂದಿನಿಂದ ಅವಳ ದನಿ ಬದಲಾಯಿತು.

2016ರಲ್ಲಿ ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಿಂದ ಬಂದ ಅಧ್ಯಯನದ ಪ್ರಕಾರ ಮರಣದಂಡನೆಗೆ ಗುರಿಯಾದ ಕೈದಿಗಳಲ್ಲಿ ಶೇ. 74ರಷ್ಟು ಮಂದಿ ಆರ್ಥಿಕವಾಗಿ ದುರ್ಬಲರು. ಇದನ್ನು ಅವಳು ಇಟ್ಟಾಗ ಹುಡುಗ, ಬಡವರು ಹೆಚ್ಚಿರುವುದು ಎಲ್ಲ ಜೈಲುಗಳಲ್ಲೂ, ಹಾಗೆಂದು ಜೈಲನ್ನೇ ಮುಚ್ಚುತ್ತೀರಾ ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರವಾಗಿ ಅವಳು ಅಂಕಿಅಂಶದಿಂದ ಮತ್ತೆ ಆ ಆರು ಜನರ ಕಡೆಗೇ ಬಂದಳು: ಜೈಲಿನಲ್ಲಿ ಕಳೆದ 16 ವರ್ಷಗಳಿಗೆ 5 ಲಕ್ಷ ಎಂಬುದು ಅಲ್ಪವೇ ಇರಬಹುದು, ಆದರೆ ಅದನ್ನು ಕೈಚಾಚಿ ತೆಗೆದುಕೊಳ್ಳಲು ಆರೂ ಜನ ಇದ್ದರು. ಶೇಕಡಾವಾರು ಲೆಕ್ಕಕ್ಕೆ ಆಗದ ಕೆಲಸವನ್ನು ಒಂದು ಪ್ರಕರಣ ಮಾಡಿತು.

ಕರ್ನಾಟಕದ ಪ್ರಕರಣಗಳನ್ನು ನಾನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ, ಏಕೆಂದರೆ ಅಲ್ಲಿ ಇಬ್ಬರಿಗೂ ಸಮಪಾಲಿದೆ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ವೀರಪ್ಪನ್ ತಂಡ ನೆಲಬಾಂಬ್ ಸಿಡಿಸಿ 22 ಜನರನ್ನು ಕೊಂದಿತು. ಮೈಸೂರಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆಯ) ನ್ಯಾಯಾಲಯ ನಾಲ್ವರಿಗೆ ಜೀವಾವಧಿ ಕೊಟ್ಟಿತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮರಣದಂಡನೆಗೆ ಏರಿಸಿತು. ಕ್ಷಮಾದಾನದ ಅರ್ಜಿ ತಿರಸ್ಕೃತವಾದದ್ದು 2013ರಲ್ಲಿ. 2014ರ ಜನವರಿಯಲ್ಲಿ ಶತ್ರುಘ್ನ ಚೌಹಾಣ್ ಪ್ರಕರಣದ ತೀರ್ಪಿನಲ್ಲಿ, ಅರ್ಜಿ ಇತ್ಯರ್ಥಕ್ಕೆ ಹಿಡಿದ ವಿಪರೀತ ವಿಳಂಬವೇ ಕಾರಣವಾಗಿ, ಇತರರೊಂದಿಗೆ ಇವರ ಶಿಕ್ಷೆಯೂ ಮತ್ತೆ ಜೀವಾವಧಿಗೆ ಇಳಿಯಿತು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಹಗ್ಗದ ನೆರಳಿನಲ್ಲಿ ಕಳೆದ ಆ ವರ್ಷಗಳೇ ಒಂದು ಶಿಕ್ಷೆ ಎಂದು ಹುಡುಗಿ. ಆ ವಿಳಂಬ ಕಡತ ಇಟ್ಟುಕೊಂಡು ಕೂತವರ ತಪ್ಪು, ಶಿಕ್ಷೆಯ ತಪ್ಪಲ್ಲ, 22 ಮನೆಗಳ ಲೆಕ್ಕವನ್ನು ಯಾರು ಇಡುತ್ತಾರೆ ಎಂದು ಹುಡುಗ. ಅದೇ ಹಿಂಡಲಗಾದಲ್ಲಿ ಸುಮಾರು 10 ವರ್ಷ ಕಾನೂನಿಗೆ ವಿರುದ್ಧವಾಗಿ ಏಕಾಂತ ಸೆರೆಯಲ್ಲಿಟ್ಟದ್ದಕ್ಕಾಗಿ ಅತ್ಯಾಚಾರ ಮತ್ತು ಕೊಲೆಯ ಅಪರಾಧಿ ಉಮೇಶ್ ರೆಡ್ಡಿಯ ಮರಣದಂಡನೆಯನ್ನು ಸುಪ್ರೀಂ ಕೋರ್ಟ್ 2022ರ ನವೆಂಬರಿನಲ್ಲಿ 30 ವರ್ಷಗಳ ಸೆರೆಗೆ ಇಳಿಸಿದ್ದನ್ನೂ ಓದಿದೆವು. ಆ ವ್ಯಕ್ತಿಯ ಅಪರಾಧಗಳನ್ನು ಓದುವಾಗ ಹುಡುಗಿ ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ವರಾಂಡದಲ್ಲಿ ನಿಂತಿದ್ದಳು. ಮರಳಿ ಬಂದ ಮೇಲೆ ನಾನು ಅವಳಿಗೆ ಹೇಳಿದ್ದು ಒಂದೇ: ಸತ್ತವರ ಹೆಸರೆತ್ತದೆ ರದ್ದತಿಯನ್ನು ವಾದಿಸಬೇಡ. ಅವರ ನೋವಿನಿಂದಲೇ ಆರಂಭಿಸು. ಅದನ್ನು ದಾಟಿಹೋಗುವ ಭಾಷಣಕಾರರನ್ನು ಸಭೆ ಮೊದಲ ನಿಮಿಷದಲ್ಲೇ ಕೈಬಿಡುತ್ತದೆ, ಕೈಬಿಡುವುದು ಸರಿಯೂ ಹೌದು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂತದ್ದು ಸ್ವಾಮಿ ಶ್ರದ್ಧಾನಂದ ಪ್ರಕರಣದ ಮೇಲೆ. ಬೆಂಗಳೂರಿನಲ್ಲಿ 1991ರಲ್ಲಿ ಆಸ್ತಿಗಾಗಿ ಪತ್ನಿಯನ್ನು ಕೊಂದು ಮನೆಯ ಆವರಣದಲ್ಲೇ ಹೂತವನ ಪ್ರಕರಣ ಅದು. ಮೂರು ವರ್ಷ ಆ ಸಾವು ಯಾರಿಗೂ ತಿಳಿಯಲಿಲ್ಲ. ಕರ್ನಾಟಕ ಹೈಕೋರ್ಟ್ ಮರಣದಂಡನೆಯನ್ನು ಖಾಯಂ ಮಾಡಿತು. ಸುಪ್ರೀಂ ಕೋರ್ಟ್‌ನಲ್ಲಿ 2007ರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಒಂದೇ ಕಡತವನ್ನು ಓದಿ, ಒಬ್ಬರು ಜೀವಾವಧಿ ಎಂದರು, ಒಬ್ಬರು ಗಲ್ಲು ಎಂದರು. 2008ರಲ್ಲಿ ಮೂವರ ಪೀಠ ಮೂರನೆಯ ದಾರಿಯನ್ನು ತೆರೆಯಿತು: ರಿಯಾಯಿತಿ ಇಲ್ಲದೆ, ಸಾಯುವವರೆಗೆ ಸೆರೆವಾಸ. ಜೀವಾವಧಿ ಎಂದರೆ ಹದಿನಾಲ್ಕು ವರ್ಷ ಎಂದು ನಮ್ಮಲ್ಲಿ ಎಲ್ಲರೂ ನಂಬಿದ್ದಾರೆ. ಹದಿನಾಲ್ಕು ಎಂಬುದು ಅಂಥ ಪ್ರಕರಣಗಳಲ್ಲಿ ಬಿಡುಗಡೆಯನ್ನು ಪರಿಗಣಿಸುವುದಕ್ಕೆ ಮುನ್ನ ಕಳೆಯಲೇಬೇಕಾದ ಕನಿಷ್ಠ ಅವಧಿ ಮಾತ್ರ. ಜೀವಾವಧಿ ಎಂದರೆ ಜೀವ ಇರುವವರೆಗೆ ಎಂದು 1961ರ ಗೋಪಾಲ ಗೋಡ್ಸೆ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಆದರೂ ಹದಿನಾಲ್ಕಕ್ಕೂ ಹಗ್ಗಕ್ಕೂ ನಡುವಿನ ಅಂತರ ನ್ಯಾಯಾಧೀಶರನ್ನು ಹಗ್ಗದ ಕಡೆಗೆ ತಳ್ಳುತ್ತದೆ ಎಂಬ ಆತಂಕಕ್ಕೆ ಈ ತೀರ್ಪು ಉತ್ತರ ಕೊಟ್ಟಿತು. 2015ರ ಡಿಸೆಂಬರಿನಲ್ಲಿ ಸಂವಿಧಾನ ಪೀಠ, ಇಂಥ ಶಿಕ್ಷೆಯನ್ನು ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ಮಾತ್ರ ಕೊಡಬಹುದು ಎಂಬ ಮಿತಿಯೊಂದಿಗೆ, ಇದನ್ನು ಎತ್ತಿಹಿಡಿಯಿತು.

ಈ ಒಂದು ಪ್ರಕರಣವನ್ನು ಇಬ್ಬರೂ ತಮ್ಮದೆಂದರು. ಸಮಾಜವನ್ನು ಕಾಯಲು ಕೊಲ್ಲಲೇಬೇಕಿಲ್ಲ, ಬಾಗಿಲು ತೆರೆಯದ ಸೆರೆ ಸಾಕು ಎಂಬ ತನ್ನ ವಾದಕ್ಕೆ ಇದೇ ಆಧಾರ ಎಂದು ಅವಳು. ಮರಣದಂಡನೆ ಕಾನೂನಿನಲ್ಲಿ ಇದ್ದುದರಿಂದಲೇ ನ್ಯಾಯಾಲಯ ಅದಕ್ಕೆ ಬದಲಾಗಿ ಇಷ್ಟು ಕಠಿಣ ಶಿಕ್ಷೆಯನ್ನು ಕೊಡಲು ಸಾಧ್ಯವಾಯಿತು, ಮೇಲಿನ ಮೆಟ್ಟಿಲನ್ನು ತೆಗೆದರೆ ಕೆಳಗಿನದೂ ಕುಸಿಯುತ್ತದೆ ಎಂದು ಅವನು. ಎರಡನೆಯ ವಾದ ನನಗೂ ಹೊಸದು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಪದಗಳ ಬಗ್ಗೆಯೂ ಒಂದು ಸಂಜೆ ಮಾತಾಯಿತು. ಕನ್ನಡದಲ್ಲಿ ‘ಮರಣದಂಡನೆ’ ಎಂದರೆ ಕಾನೂನು ಕೇಳಿಸುತ್ತದೆ, ‘ಗಲ್ಲು’ ಎಂದರೆ ಜೈಲು ಕಾಣುತ್ತದೆ, ‘ನೇಣು’ ಎಂದರೆ ಹಗ್ಗ ಕಾಣುತ್ತದೆ. ಹುಡುಗ ಉದ್ದಕ್ಕೂ ಮೊದಲನೆಯದನ್ನೇ ಹಿಡಿಯಲಿ, ಹುಡುಗಿ ಎಲ್ಲ ಕಡೆ ‘ನೇಣು’ ಎಂದು ಹೇಳಿ ಅದರ ತೂಕ ಕಳೆಯದೆ, ಒಂದೇ ಒಂದು ಸಲ, ಬೇಕಾದ ಜಾಗದಲ್ಲಿ ಬಳಸಲಿ ಎಂದು ತೀರ್ಮಾನಿಸಿದೆವು.

ಸ್ಪರ್ಧೆಯ ಹಿಂದಿನ ಸಂಜೆ ಖಾಲಿ ತರಗತಿಯಲ್ಲಿ ಕೊನೆಯ ತಾಲೀಮು. ಹುಡುಗಿ ತನ್ನ ಕೊನೆಯ ಅರ್ಧ ನಿಮಿಷಕ್ಕೆ 1982ರ ಹರಬನ್ಸ್ ಸಿಂಗ್ ತೀರ್ಪನ್ನು ಉಳಿಸಿಕೊಂಡಿದ್ದಳು. ಒಂದೇ ಅಪರಾಧ, ಒಂದೇ ಪಾತ್ರ, ಮೂವರಿಗೂ ಮರಣದಂಡನೆ. ಕಶ್ಮೀರಾ ಸಿಂಗ್‌ನ ಅರ್ಜಿ ಒಂದು ಪೀಠದ ಮುಂದೆ ಹೋಗಿ ಶಿಕ್ಷೆ ಜೀವಾವಧಿಗೆ ಇಳಿಯಿತು. ಹರಬನ್ಸ್ ಸಿಂಗ್ ಕೊನೆಯ ಗಳಿಗೆಯಲ್ಲಿ ಅರ್ಜಿ ಹಾಕಿ ತಡೆ ಪಡೆದ. ಅವನ ಶಿಕ್ಷೆಯನ್ನು ಇಳಿಸುವಂತೆ ನ್ಯಾಯಾಲಯ ರಾಷ್ಟ್ರಪತಿಗಳಿಗೆ ಶಿಫಾರಸು ಮಾಡಿತು. ‘ಹಾಗೆ ಅರ್ಜಿ ಹಾಕದಿದ್ದ ಜೀತಾ ಸಿಂಗ್‌ನನ್ನು 1981ರ ಅಕ್ಟೋಬರ್ 6ರಂದು ನೇಣಿಗೇರಿಸಲಾಯಿತು’ ಎಂದು ಹೇಳಿ, ಬೇರೆ ಒಂದು ಮಾತೂ ಸೇರಿಸದೆ, ಗಂಟೆ ಹೊಡೆಯುವ ಮೊದಲೇ ಕೂತಳು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಎದ್ದು ನಿಂತ. ಆ ತಪ್ಪನ್ನು ಒಪ್ಪುತ್ತೇನೆ, ಆದರೆ ಕಾನೂನು ಅಲ್ಲಿಗೇ ನಿಲ್ಲಲಿಲ್ಲ, 2014ರ ಮಹಮ್ಮದ್ ಆರಿಫ್ ತೀರ್ಪಿನ ನಂತರ ಮರಣದಂಡನೆಯ ಪುನರ್‌ಪರಿಶೀಲನಾ ಅರ್ಜಿಯನ್ನು ತೆರೆದ ನ್ಯಾಯಾಲಯದಲ್ಲಿ ಕನಿಷ್ಠ ಮೂವರು ನ್ಯಾಯಮೂರ್ತಿಗಳು ಕೇಳಲೇಬೇಕು ಎಂದ. ಹುಡುಗಿ ತನ್ನ ಚೀಟಿಯ ಹಿಂಬದಿಯಲ್ಲಿ ‘2014’ ಎಂದು ಬರೆದುಕೊಂಡು, ಕೆಳಗೊಂದು ಗೆರೆ ಎಳೆದು, ತೀರ್ಪಿನ ಜೆರಾಕ್ಸ್ ಪ್ರತಿಗಳನ್ನು ಮತ್ತೆ ತನ್ನ ಕಡೆಗೆ ಎಳೆದುಕೊಂಡಳು.